ಹುಣ್ಣಿಮೆ ಊಟಕ್ಕೆ ಪೋಲ್ ಯಾಕ್ರೀ?

ಹೋದ ವರ್ಷ ಒಂದು ಹುಣ್ಣಿಮೆ ಊಟದಲ್ಲಿ ನಮ್ಮೂರ ಆಂಜನೇಯನ ಗುಡಿ ಮುಂದೆ ಅನ್ನ ಮುಗಿದುಹೋಯಿತು. ಎರಡನೇ ಪಂಕ್ತಿಯವರು ಇನ್ನೂ ಮುದ್ದೆ ಮುರಿಯುತ್ತಿದ್ದರು, ಅಷ್ಟರಲ್ಲಿ ತಪ್ಪಲೆಯ ತಳ ಕೆರೆಯುವ ಸದ್ದು ಬಂತು. ಬಡಿಸುತ್ತಿದ್ದ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮೂರನೇ ಪಂಕ್ತಿಗೆ ಅಂತ ಗೋಡೆಗೊರಗಿ ಕಾಯುತ್ತಿದ್ದವರು ಯಾರು ಗೊತ್ತಾ? ಮಧ್ಯಾಹ್ನದಿಂದ ತರಕಾರಿ ಹೆಚ್ಚಿ, ಮುದ್ದೆ ಕಟ್ಟಿ ಬೆವರಿದ್ದ ಹೆಂಗಸರು. ಬೇಗ ನಡೆಯಲಾಗದೆ ತಡವಾಗಿ ಬಂದಿದ್ದ ನಾಲ್ಕು ಜನ ಅಜ್ಜಿಯರು. ಕಾಲೊನಿಯಿಂದ ಬಂದಿದ್ದ ಆರು ಮನೆಯವರು. ಅವರಿಗೆ ಸಿಕ್ಕಿದ್ದು ತಲೆಗೊಂದು ಲೋಟ ಪಾಯಸ.

ಅಕ್ಕಿಗೆ ದುಡ್ಡಿರಲಿಲ್ಲವಾ? ಇತ್ತು. ಅಡುಗೆ ಕೆಟ್ಟಿತ್ತಾ? ಇಲ್ಲ. ಲೆಕ್ಕ ತಪ್ಪಿತ್ತು. ಆ ಲೆಕ್ಕ ವಾಟ್ಸಾಪ್ ಪೋಲಿನಿಂದ ಬಂದಿದ್ದು.

ನಮ್ಮೂರು ತುಮಕೂರು ಜಿಲ್ಲೆಯಲ್ಲಿದೆ. ಮೂರು ಬೀದಿ, ಒಂದು ಕಾಲೊನಿ. ಪ್ರತಿ ಹುಣ್ಣಿಮೆ ರಾತ್ರಿ ಗುಡಿಯಲ್ಲಿ ಭಜನೆ, ಆಮೇಲೆ ಎಲ್ಲರಿಗೂ ಊಟ. ಮುದ್ದೆ, ಕಾಳು ಸಾರು, ಅನ್ನ, ಒಂದು ಪಾಯಸ. ಮನೆಗಿಷ್ಟು ಅಂತ ವಂತಿಗೆ, ಆಗದವರು ಬೇಳೆಯನ್ನೋ ಬೆಲ್ಲವನ್ನೋ ಸೌದೆಯನ್ನೋ ಕೊಡುತ್ತಾರೆ. ಅಡುಗೆ ನಮ್ಮ ದೊಡ್ಡಮ್ಮನ ಉಸ್ತುವಾರಿ. ದೊಡ್ಡಮ್ಮನ ಹತ್ತಿರ ಇರುವುದು ಬಟನ್ ಫೋನು. ಅದರಲ್ಲಿ ಹಸಿರು ಗುಂಡಿ ಒತ್ತುವುದು, ಕೆಂಪು ಗುಂಡಿ ಒತ್ತುವುದು, ಅಷ್ಟೇ ಅವರಿಗೆ ಬೇಕಾಗಿರುವುದು.

ಎರಡು ವರ್ಷದ ಹಿಂದಿನವರೆಗೆ ಲೆಕ್ಕ ಹೇಗೆ ನಡೆಯುತ್ತಿತ್ತು ಅಂದರೆ, ಹಿಂದಿನ ದಿನ ಸಂಜೆ ಬೀದಿಗೊಬ್ಬರು ಮನೆಮನೆ ಬಾಗಿಲಲ್ಲಿ ನಿಂತು "ನಾಳೆ ನಿಮ್ಮನೇಲಿ ಎಷ್ಟು ಎಲೆ?" ಅಂತ ಕೇಳುತ್ತಿದ್ದರು. "ನಾಲ್ಕು ಹಾಕ್ಕೊಳಪ್ಪ, ಮಗಳು ಬಂದವ್ಳೆ, ಐದು ಮಾಡ್ಕೊ" ಅನ್ನುತ್ತಿದ್ದರು. ಒಟ್ಟು ಸಂಖ್ಯೆ ದೊಡ್ಡಮ್ಮನಿಗೆ ಹೋಗುತ್ತಿತ್ತು. ಅವರು ಅದಕ್ಕೆ ಹತ್ತು ಸೇರಿಸಿ ಎಸರಿಡುತ್ತಿದ್ದರು.

ಆಮೇಲೆ ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮೂರ ಅಣ್ಣನೊಬ್ಬ ವಾಟ್ಸಾಪ್ ಗ್ರೂಪು ಮಾಡಿದ. ಒಳ್ಳೇ ಮನಸ್ಸಿನಿಂದಲೇ ಮಾಡಿದ, ಅದರಲ್ಲಿ ನನಗೆ ಅನುಮಾನವಿಲ್ಲ. "ಇನ್ನೂ ಬಾಗಿಲು ಬಡಿದುಕೊಂಡು ತಿರುಗ್ತೀರಲ್ರೋ, ಸ್ವಲ್ಪ ಅಪ್‌ಡೇಟ್ ಆಗ್ರೋ" ಅಂದ. ನಾವೂ ಆದೆವು. ಡಿಗ್ರಿ ಮುಗಿಸಿ ಆಗಷ್ಟೇ ಊರಿಗೆ ಬಂದಿದ್ದ ನಾನಂತೂ ಎಲ್ಲರಿಗಿಂತ ಮೊದಲು ಆದೆ.

ಮೊದಲ ಪೋಲು ಬಂದಿದ್ದು ದಿನಾಂಕಕ್ಕೆ. ಹುಣ್ಣಿಮೆ ಊಟದ ದಿನಾಂಕಕ್ಕೆ! ಚಂದ್ರನನ್ನೇ ಚುನಾವಣೆಗೆ ನಿಲ್ಲಿಸಿದಂತೆ. ಗ್ರೂಪಿನಲ್ಲಿದ್ದದ್ದು 64 ನಂಬರು. ಅದರಲ್ಲಿ 27 ಬೆಂಗಳೂರಿನಲ್ಲಿರುವವರದು. ಅವರಿಗೆ ಶನಿವಾರ ಬೇಕು, ಭಾನುವಾರ ವಾಪಸ್ ಹೋಗಬಹುದು. ಶನಿವಾರ ಗೆದ್ದಿತು. ಹುಣ್ಣಿಮೆ ಇದ್ದದ್ದು ಬುಧವಾರ. ಬುಧವಾರ ಭಜನೆ ಆಯಿತು, ಊಟವಿರಲಿಲ್ಲ. ಶನಿವಾರ ಊಟವಾಯಿತು, ಭಜನೆ ಇರಲಿಲ್ಲ. ತಾಳ ಹಿಡಿಯುವ ತಾತ "ಬುಧವಾರ ದೇವರಿಗೆ, ಶನಿವಾರ ಬೆಂಗಳೂರಿನವರಿಗೆ" ಅಂದು ಸುಮ್ಮನಾದರು.

ಎರಡನೇ ಪೋಲು "ಯಾರ್ಯಾರು ಬರ್ತೀರಿ?" ಅಂತ. "ಬರ್ತೀನಿ" ಅಂತ 31 ವೋಟು ಬಿತ್ತು. ಅಣ್ಣ ದೊಡ್ಡಮ್ಮನಿಗೆ ಫೋನು ಮಾಡಿ "31 ದೊಡ್ಡಮ್ಮ, ಒಂದು 40ಕ್ಕೆ ಮಾಡು" ಅಂದ. ದೊಡ್ಡಮ್ಮ ಐದು ಕೆಜಿ ಅಕ್ಕಿ ಹಾಕಿದರು. ಬಂದವರು ಎಂಬತ್ತರ ಹತ್ತಿರ.

ಇದು ವಾಟ್ಸಾಪಿನ ತಪ್ಪಲ್ಲ. ಅದು ಕೇಳಿದ್ದಕ್ಕೆ ಉತ್ತರ ಕೊಟ್ಟಿತು, ಕೇಳಿದ್ದೇ ತಪ್ಪು. ಪೋಲಿನಲ್ಲಿ ಒಂದು ನಂಬರಿಗೆ ಒಂದು ಹೆಸರು ಬೀಳುತ್ತದೆ. ಬೆಂಗಳೂರಿನ ರೂಮಿನಲ್ಲಿ ಒಂದು ನಂಬರು ಅಂದರೆ ಒಬ್ಬ ಮನುಷ್ಯ, ಸರಿ. ನಮ್ಮೂರಲ್ಲಿ ಒಂದು ನಂಬರು ಅಂದರೆ ಒಂದು ಮನೆ. ಗಂಡ, ಹೆಂಡತಿ, ಎರಡು ಮಕ್ಕಳು, ಒಬ್ಬ ಅಜ್ಜಿ. ವೋಟು ಒಂದು, ಎಲೆ ಐದು. 31ರಲ್ಲಿ ಎಂಟು ವೋಟು ಬೆಂಗಳೂರಿನಿಂದ ಉತ್ಸಾಹಕ್ಕೆ ಬಿದ್ದಿದ್ದು, ಬಂದವರು ಇಬ್ಬರು. ಉಳಿದ 23 ವೋಟು ಅಂದರೆ 23 ಮನೆ. ಮೂರನೇ ಕ್ಲಾಸಿನ ಹುಡುಗನಿಗೆ ಕೊಟ್ಟರೂ ಮಾಡುವ ಗುಣಾಕಾರ, ಡಿಗ್ರಿ ಮಾಡಿದ ನಮಗೆ ಹೊಳೆಯಲಿಲ್ಲ.

ಇನ್ನೊಂದು ಸಣ್ಣ ವಿಷಯ. ಪೋಲ್ ಮಾಡುವಾಗ ಒಂದಕ್ಕಿಂತ ಹೆಚ್ಚು ಉತ್ತರ ಒತ್ತಲು ಬಿಡುವ ಗುಂಡಿ ತಾನಾಗಿಯೇ ಆನ್ ಇರುತ್ತದೆ. ನಾವು ಅದನ್ನು ಆಫ್ ಮಾಡದೆ ಬಿಟ್ಟೆವು. ಹಾಗಾಗಿ ದಿನಾಂಕದ ಪೋಲಿನಲ್ಲಿ ಕೆಲವರು ಬುಧವಾರವನ್ನೂ ಒತ್ತಿದರು, ಶನಿವಾರವನ್ನೂ ಒತ್ತಿದರು. ಒತ್ತಿದ್ದನ್ನು ಆಮೇಲೆ ಬದಲಾಯಿಸಲೂಬಹುದು. ದೊಡ್ಡಮ್ಮ ಅಕ್ಕಿ ತೊಳೆದ ಮೇಲೆ ಯಾರೋ "ಇಲ್ಲ" ಅನ್ನುವುದನ್ನು "ಬರ್ತೀನಿ" ಮಾಡಿದರೆ ಆ ಅಕ್ಕಿಗೆ ಗೊತ್ತಾಗುವುದು ಹೇಗೆ?

ಈಗ ಹೆಂಗಸರ ವಿಷಯಕ್ಕೆ ಬರ್ತೀನಿ, ನನಗೆ ನಿಜವಾಗಿ ಸಿಟ್ಟಿರುವುದು ಇಲ್ಲಿ. ಆ 64 ನಂಬರಿನಲ್ಲಿ ಹೆಂಗಸರದ್ದು ಒಂಬತ್ತು. ಊಟ ಮಾಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು, ಮಕ್ಕಳು. ಅಡುಗೆ ಪೂರ್ತಿ ಹೆಂಗಸರದ್ದು. ಏನು ಸಾರು ಮಾಡಬೇಕು ಅನ್ನುವುದಕ್ಕೂ ಒಂದು ಪೋಲ್ ನಡೆಯಿತು, ಅದರಲ್ಲಿ ಒಲೆ ಮುಂದೆ ಕೂರುವ ಒಬ್ಬರ ವೋಟೂ ಇರಲಿಲ್ಲ. ಇದು ನಮ್ಮೂರಿನ ಕತೆ ಮಾತ್ರ ಅಂದುಕೊಳ್ಳಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ತಾವೇ ಬಳಸುವ ಮೊಬೈಲ್ ಇರುವವರು ಶೇ. 54 ಮಾತ್ರ. ಹಳ್ಳಿಗಳನ್ನಷ್ಟೇ ತೆಗೆದುಕೊಂಡರೆ ಅರ್ಧಕ್ಕಿಂತ ಕಡಿಮೆ. ಅದೂ ಯಾವುದೋ ಒಂದು ಮೊಬೈಲ್, ಸ್ಮಾರ್ಟ್‌ಫೋನೇ ಅಂತಲ್ಲ. "ಎಲ್ಲಾ ಗ್ರೂಪಲ್ಲಿ ಹಾಕಿದೀನಲ್ಲ" ಅನ್ನುವವರು ಒಂದು ಸಲ ತಮ್ಮ ಮನೆಯೊಳಗೇ ಎಷ್ಟು ಜನ ಗ್ರೂಪಿನಲ್ಲಿದ್ದಾರೆ ಅಂತ ಎಣಿಸಲಿ.

ಕಾಲೊನಿಯ ವಿಷಯ ಇನ್ನೂ ಕಷ್ಟದ್ದು. ಗ್ರೂಪು ಮಾಡಿದವನು ತನ್ನ ಫೋನಿನಲ್ಲಿ ಇದ್ದ ನಂಬರುಗಳನ್ನು ಸೇರಿಸಿದ. ಅವನ ಫೋನಿನಲ್ಲಿ ಕಾಲೊನಿಯವರ ನಂಬರು ಒಂದೂ ಇರಲಿಲ್ಲ. ಬೇಕಂತ ಬಿಟ್ಟಿದ್ದಲ್ಲ ಅನ್ನುತ್ತಾನೆ, ನಂಬುತ್ತೇನೆ. ಆದರೆ ಯಾಕೆ ಇರಲಿಲ್ಲ ಅಂತ ಕೇಳಿಕೊಳ್ಳಬೇಕಲ್ಲ? ಹಳೇ ಕಾಲ ಚೆನ್ನಾಗಿತ್ತು ಅಂತ ನಾನು ಹಾಡುತ್ತಿಲ್ಲ. ಮೊದಲೆಲ್ಲ ಒಂದೇ ಪಂಕ್ತಿಯಲ್ಲಿ ಎಲ್ಲರೂ ಕೂರುತ್ತಲೇ ಇರಲಿಲ್ಲ. ಅದು ಶುರುವಾಗಿ ಏಳೆಂಟು ವರ್ಷ, ಅದಕ್ಕೆ ಎಷ್ಟು ಮಾತು, ಎಷ್ಟು ಮುನಿಸು ಆಗಿತ್ತು ಅಂತ ಊರಿಗೆಲ್ಲ ಗೊತ್ತು. ಆಗ ಗೆದ್ದದ್ದು ಒಬ್ಬ ಮನುಷ್ಯ ಆ ಬಾಗಿಲಿಗೂ ಹೋಗಿ "ನಾಳೆ ಎಷ್ಟು ಎಲೆ?" ಅಂತ ಕೇಳಿದ್ದರಿಂದ. ಆ ಒಂದು ಪ್ರಶ್ನೆಯೇ ಕರೆಯೋಲೆ. ಪೋಲ್ ಬಂದ ಮೇಲೆ ಆ ಬಾಗಿಲಿಗೆ ಯಾರೂ ಹೋಗಲಿಲ್ಲ. ಆದರೂ ಆರು ಮನೆಯವರು ಬಂದರು, ಗೋಡೆಗೊರಗಿ ಕಾದರು, ಪಾಯಸ ಕುಡಿದು ಹೋದರು. ಮುಂದಿನ ತಿಂಗಳು ಎರಡೇ ಮನೆಯವರು ಬಂದರು.

ಅದನ್ನು ಸರಿ ಮಾಡ್ತೀನಿ ಅಂತ ಹೊರಟವನು ನಾನು. ಗೂಗಲ್ ಫಾರ್ಮ್ ಮಾಡಿದೆ. ಹೆಸರು, ಬೀದಿ, ಎಷ್ಟು ಜನ, ಮಕ್ಕಳೆಷ್ಟು, ಯಾವ ಊಟ. ಒಬ್ಬರು ಎರಡು ಸಲ ತುಂಬಬಾರದು ಅಂತ ಜಾಣತನದಿಂದ ಒಬ್ಬರಿಗೆ ಒಂದೇ ಉತ್ತರ ಅನ್ನುವುದನ್ನು ಆನ್ ಮಾಡಿದೆ. ಅದನ್ನು ಆನ್ ಮಾಡಿದರೆ ಗೂಗಲ್ ಅಕೌಂಟಿನಲ್ಲಿ ಲಾಗಿನ್ ಆಗಲೇಬೇಕು. ಊರಲ್ಲಿ ಅರ್ಧ ಜನರ ಜಿಮೇಲ್ ಮಾಡಿಕೊಟ್ಟಿರುವುದು ಮೊಬೈಲ್ ಅಂಗಡಿಯವನು, ಪಾಸ್‌ವರ್ಡ್ ಅವನಿಗೂ ಮರೆತಿದೆ. ಫಾರ್ಮ್ ತುಂಬಿದವರು 11 ಜನ. ಅದರಲ್ಲೊಬ್ಬರು "ಎಷ್ಟು ಜನ" ಅನ್ನುವ ಕಡೆ "ಹೌದು" ಅಂತ ಬರೆದಿದ್ದರು. ನನ್ನ ಶೀಟು ಮಾತ್ರ ಬಹಳ ಚೆನ್ನಾಗಿ ಕಾಣುತ್ತಿತ್ತು, ಬಣ್ಣವನ್ನೂ ಹಾಕಿದ್ದೆ.

ಖರ್ಚು ಹಂಚಿಕೊಳ್ಳುವ ಆಪ್ ಒಂದನ್ನು ಇನ್ನೊಬ್ಬ ಗೆಳೆಯ ತಂದ. ಅದು ಇಳಿಸಿಕೊಂಡ ತಕ್ಷಣ ಫೋನಿನಲ್ಲಿರುವ ನಂಬರುಗಳನ್ನೆಲ್ಲ ನೋಡಲು ಅನುಮತಿ ಕೇಳಿತು. ಕಾಳು ಸಾರಿನ ಲೆಕ್ಕಕ್ಕೆ ನನ್ನ ಅತ್ತೆಯ ನಂಬರು ಯಾಕೆ ಬೇಕು? ಅವತ್ತೇ ತೆಗೆದು ಹಾಕಿದೆವು.

ಆದರೆ ನಿಜವಾಗಿ ಗಾಯ ಮಾಡಿದ್ದು ದುಡ್ಡಿನ ಪಟ್ಟಿ. ವಂತಿಗೆಯನ್ನು ಯುಪಿಐನಲ್ಲಿ ಕಳಿಸಿ ಅಂದೆವು. ಒಳ್ಳೆಯದೇ, ಚಿಲ್ಲರೆ ಜಗಳ ತಪ್ಪಿತು. ಆಮೇಲೆ ಯಾರೋ "ಪಾರದರ್ಶಕವಾಗಿರಲಿ" ಅಂತ ಕೊಟ್ಟವರ ಪಟ್ಟಿ, ಕೊಡದವರ ಪಟ್ಟಿ ಎರಡನ್ನೂ ಗ್ರೂಪಿಗೆ ಹಾಕಿದರು. ಕೊಡದವರ ಹೆಸರಿನ ಮುಂದೆ ಕೆಂಪು ಗುರುತು. ಗಂಡ ತೀರಿಕೊಂಡು ಎರಡು ಮಕ್ಕಳನ್ನು ಸಾಕುತ್ತಿರುವ ಒಬ್ಬ ಅಕ್ಕ ಯಾವಾಗಲೂ ವಂತಿಗೆ ಬದಲು ಒಂದು ಕುಕ್ಕೆ ಸೊಪ್ಪು ತಂದುಕೊಡುತ್ತಿದ್ದರು. ಯುಪಿಐನಲ್ಲಿ ಸೊಪ್ಪು ಕಳಿಸಲು ಬರುವುದಿಲ್ಲ. ಅವರ ಹೆಸರಿನ ಮುಂದೆ ಕೆಂಪು ಗುರುತು ಬಿತ್ತು. ಗ್ರೂಪಿನಲ್ಲಿ ಅವರಿಲ್ಲ, ಅವರ ಮೈದುನ ಇದ್ದಾನೆ. ಅವನು ಮನೆಗೆ ಹೋಗಿ ಏನು ಹೇಳಿದನೋ, ಅವರು ಮತ್ತೆ ಊಟಕ್ಕೆ ಬರಲಿಲ್ಲ. ಸೊಪ್ಪನ್ನು ಮಾತ್ರ ಮಕ್ಕಳ ಕೈಲಿ ಒಂದು ಸಲ ಕಳಿಸಿದ್ದರು.

ಬಟನ್ ಫೋನಿಗೂ ಯುಪಿಐ ಇದೆ ಅಂತ ಯಾರಾದರೂ ಹೇಳಬಹುದು. ಇದೆ, 2022ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕ್ ಯುಪಿಐ 123ಪೇ ಅಂತ ತಂದಿತು. ನಮ್ಮೂರಲ್ಲಿ ಅದನ್ನು ಬಳಸುವವರನ್ನು ನಾನು ಒಬ್ಬರನ್ನೂ ನೋಡಿಲ್ಲ. ಹೇಳಿಕೊಡುವವರು ಬೇಕಲ್ಲ, ಬೆಂಗಳೂರಿನಿಂದ ಶನಿವಾರ ಬರುವವರು ಅದನ್ನೊಂದು ಹೇಳಿಕೊಟ್ಟು ಹೋಗಲಿ.

ಹಾಗಾದರೆ ಫೋನು ಬಿಸಾಕಬೇಕಾ? ನಾನೂ ಇದನ್ನು ಫೋನಿನಲ್ಲೇ ಬರೆಯುತ್ತಿದ್ದೇನೆ, ನೀವೂ ಫೋನಿನಲ್ಲೇ ಓದುತ್ತಿದ್ದೀರಿ. ನನ್ನ ಜಗಳ ಇಷ್ಟಕ್ಕೆ: ಯಾವ ಆಪ್ ಅಂತ ಆರಿಸುವಾಗ ನಾವು ಗ್ರೂಪಿನಲ್ಲಿ ಅತಿ ಜೋರು ಫೋನು ಇರುವವನಿಂದ ಶುರು ಮಾಡಿದೆವು. ಒಲೆಯಿಂದ ಶುರು ಮಾಡಬೇಕಿತ್ತು. ದೊಡ್ಡಮ್ಮನಿಗೆ ಏನು ಬೇಕು? ಒಂದೇ ಒಂದು ಸಂಖ್ಯೆ, ಹಿಂದಿನ ದಿನ ಸಂಜೆ ಏಳು ಗಂಟೆಯೊಳಗೆ, ಬಾಯಿಮಾತಿನಲ್ಲಿ. ಆ ಸಂಖ್ಯೆ ಸರಿಯಾಗಿ ಬರಲು ಯಾವುದು ನೆರವಾಗುತ್ತದೋ ಅದು ಬೇಕು, ಉಳಿದದ್ದು ಬೇಡ. ಇದನ್ನು ನಾವು ಕೇಳಲು ಎಂಟು ತಿಂಗಳು ಬೇಕಾಯಿತು. ಅಷ್ಟೂ ದಿನ ದೊಡ್ಡಮ್ಮ ಹೇಳುತ್ತಲೇ ಇದ್ದರು, "ಎಷ್ಟು ಜನ ಅಂತ ಒಂದು ಮಾತು ಹೇಳ್ರಪ್ಪ, ನಾನು ಎಸರಿಡಬೇಕು."

ಈಗ ಏನು ಮಾಡಿದ್ದೇವೆ ಅಂದರೆ, ಬಾಗಿಲಿಗೆ ಹೋಗುವುದು ವಾಪಸ್ ಬಂದಿದೆ. ಮೂರು ಬೀದಿಗೆ ಮೂವರು, ಕಾಲೊನಿಗೆ ಅಲ್ಲಿನವರೇ ಒಬ್ಬ ತಂಗಿ. ನಾಲ್ವರದೇ ಒಂದು ಪುಟ್ಟ ಗ್ರೂಪು. ಪ್ರತಿಯೊಬ್ಬರೂ ತಮ್ಮ ಸಂಖ್ಯೆಯನ್ನಷ್ಟೇ ಅದರಲ್ಲಿ ಹಾಕುತ್ತಾರೆ, ಕೂಡಿದವರು ದೊಡ್ಡಮ್ಮನಿಗೆ ಫೋನು ಮಾಡುತ್ತಾರೆ. ಫೋನು ಮಾಡುವವರು ಮೆಸೇಜು ಕಳಿಸಿ ಕೈತೊಳೆದುಕೊಳ್ಳುವಂತಿಲ್ಲ, ದೊಡ್ಡಮ್ಮ ಸಂಖ್ಯೆಯನ್ನು ತಿರುಗಿ ಹೇಳಬೇಕು.

ದೊಡ್ಡ ಗ್ರೂಪು ಇದೆ. ಅದರಲ್ಲಿ ಅಡ್ಮಿನ್‌ಗಳಷ್ಟೇ ಮೆಸೇಜು ಹಾಕುವಂತೆ ಮಾಡಿದ್ದೇವೆ. ಗುಡ್ ಮಾರ್ನಿಂಗು ಹೂವಿನ ಕೆಳಗೆ ಊಟದ ದಿನಾಂಕ ಮುಚ್ಚಿಹೋಗುತ್ತಿತ್ತು, ಅದು ನಿಂತಿತು. ಕೆಲವರಿಗೆ ಬೇಜಾರಾಗಿ ಗ್ರೂಪು ಬಿಟ್ಟರು, ಊಟ ಬಿಡಲಿಲ್ಲ. ಹೇಳುವುದನ್ನು ಬರೆಯುವ ಬದಲು ಅರ್ಧ ನಿಮಿಷದ ವಾಯ್ಸ್ ಮೆಸೇಜು ಮಾಡುತ್ತೇವೆ, ಓದಲು ಬಾರದವರೂ ಕೇಳಿಸಿಕೊಳ್ಳುತ್ತಾರೆ. ಕಾಲೊನಿಯ ನಂಬರುಗಳು ಈಗ ಅದರಲ್ಲಿವೆ. ದಿನಾಂಕಕ್ಕೆ ಪೋಲ್ ಇಲ್ಲ, ಪಂಚಾಂಗ ಇದೆ.

ಫಾರ್ಮನ್ನು ಪೂರ್ತಿ ಬಿಟ್ಟಿಲ್ಲ. ಬೆಂಗಳೂರಿನಿಂದ ಬರುವವರಿಗೆ ಅದೇ ಅನುಕೂಲ, ಯಾರು ಯಾವ ಬಸ್ಸಿಗೆ, ಎಷ್ಟು ಜನ ಅಂತ ತುಂಬುತ್ತಾರೆ. ಲಾಗಿನ್ ತೆಗೆದಿದ್ದೇನೆ, ಪ್ರಶ್ನೆ ಎರಡೇ, ಎರಡೂ ಕನ್ನಡದಲ್ಲಿ. ದುಡ್ಡನ್ನು ಯುಪಿಐನಲ್ಲೂ ಕೊಡಬಹುದು, ಕೈಯಲ್ಲೂ ಕೊಡಬಹುದು, ಸೊಪ್ಪಾಗಿಯೂ ಕೊಡಬಹುದು. ಗ್ರೂಪಿಗೆ ಹೋಗುವುದು ಒಟ್ಟು ಬಂದದ್ದೆಷ್ಟು, ಖರ್ಚಾದದ್ದೆಷ್ಟು ಅನ್ನುವುದು ಮಾತ್ರ. ಯಾರು ಎಷ್ಟು ಕೊಟ್ಟರು ಅನ್ನುವುದು ಒಂದು ನೋಟ್‌ಬುಕ್ಕಿನಲ್ಲಿದೆ, ನೋಡಬೇಕು ಅನ್ನುವವರು ಗುಡಿಗೆ ಬಂದು ನೋಡಲಿ. ಇಲ್ಲಿಯವರೆಗೆ ಒಬ್ಬರೂ ಬಂದಿಲ್ಲ.

ಗ್ರೂಪು ಮಾಡಿದ ಅಣ್ಣನಿಗೆ ಇದು ಅಷ್ಟು ಹಿಡಿಸಿಲ್ಲ. "ಹಿಂದಕ್ಕೆ ಹೋದಿರಿ" ಅಂತ ಈಗಲೂ ಅನ್ನುತ್ತಾನೆ. ಮೊನ್ನೆ ಬಂದಾಗ ಅವನನ್ನೇ ಒಂದು ಬೀದಿಗೆ ಎಲೆ ಕೇಳಲು ಕಳಿಸಿದೆವು. ಒಂದು ಗಂಟೆಯ ಕೆಲಸಕ್ಕೆ ಮೂರು ಗಂಟೆ ತೆಗೆದುಕೊಂಡ, ಪ್ರತಿ ಮನೆಯಲ್ಲೂ ಕಾಫಿ ಕುಡಿದಿದ್ದ.

ಈ ಸಲದ ಲೆಕ್ಕ ಮೇಲಿನ ಬೀದಿಯದು ನನ್ನ ಪಾಲಿಗೆ ಬಂದಿದೆ. ಇದನ್ನು ಬರೆಯುವ ಹೊತ್ತಿಗೆ 43 ಎಲೆ ಆಗಿದೆ. ಸೊಪ್ಪಿನ ಅಕ್ಕನ ಮನೆಗೆ ಬೀಗ ಹಾಕಿತ್ತು, ಹೊಲದಿಂದ ಬರುವುದು ಕತ್ತಲಾಗುತ್ತದಂತೆ. ಆರೂವರೆಗೆ ಮತ್ತೊಂದು ಸಲ ಹೋಗಿ ಕೇಳಿ ಬರುತ್ತೇನೆ.