ಬಾಣಸಿಗರೆಷ್ಟು? ಉಗ್ರಾಣವೆಲ್ಲಿ?

ರೈಲಿನ ಟಿಕೆಟು ಕಾದಿರಿಸುವವರಿಗಾಗಲಿ, ಬ್ಯಾಂಕಿನಲ್ಲಿ ಹಣ ಕಟ್ಟುವವರಿಗಾಗಲಿ ಕಾಣುವುದು ಗುಮಾಸ್ತನ ಮುಂದಿರುವ ಪರದೆ ಮಾತ್ರ. ಅದರ ಹಿಂದೆ, ಎಲ್ಲಿಯೋ ತಂಪಾದ ಕೊಠಡಿಯೊಂದರಲ್ಲಿ, ಲಕ್ಷಾಂತರ ಜನರ ಲೆಕ್ಕವನ್ನು ಕಾಯುವ ಡೇಟಾಬೇಸ್ ಸರ್ವರ್ ಇರುತ್ತದೆ. ಅದು ಅಲ್ಲಿ ಅರೆಕ್ಷಣ ತಡವರಿಸಿದರೆ ಇಲ್ಲಿ ಜನರ ಸಾಲು ಬೆಳೆಯುತ್ತದೆ. ಈ ಯಂತ್ರ ಹಳತಾದಾಗ ಯಾವ ಪೀಳಿಗೆಯ ಪ್ರೊಸೆಸರನ್ನು ಕೊಳ್ಳಬೇಕೆಂಬ ಪ್ರಶ್ನೆ ಏಳುತ್ತದೆ. ಕೊಳ್ಳುವವರು ಮೊದಲು ಕೇಳುವುದು, “ಅದರಲ್ಲಿ ಕೋರುಗಳೆಷ್ಟು?” ಎಂದು. ಕೋರ್ ಎಂದರೆ ಪ್ರೊಸೆಸರಿನೊಳಗೆ ಸ್ವತಂತ್ರವಾಗಿ ಗಣಿಸಬಲ್ಲ ಒಂದು ಘಟಕ. ಆಳು ಹೆಚ್ಚಿದಷ್ಟೂ ಕೆಲಸ ಹೆಚ್ಚೀತೆಂಬುದು ಈ ಪ್ರಶ್ನೆಯ ಹಿಂದಿರುವ ನಂಬಿಕೆ. ಅದು ಎಷ್ಟರಮಟ್ಟಿಗೆ ನಿಜ?

ಇಂಟೆಲ್ ಸಂಸ್ಥೆಯ ಎರಡು ಪೀಳಿಗೆಗಳ ಚರಿತ್ರೆ ಇದಕ್ಕೆ ಉತ್ತರ ಹೇಳುತ್ತದೆ. 2008ರ ಸೆಪ್ಟೆಂಬರಿನಲ್ಲಿ ಹೊರಬಂದ ಜಿಯಾನ್ 7400 ಮಾಲೆಯ ಪ್ರೊಸೆಸರಿನಲ್ಲಿ 6 ಕೋರುಗಳವರೆಗೆ ಇದ್ದವು. ಮರುವರ್ಷದ ಮಾರ್ಚಿಯಲ್ಲಿ ಬಂದ ಜಿಯಾನ್ 5500 ಮಾಲೆಯಲ್ಲಿ ಇದ್ದುದು ನಾಲ್ಕೇ. ಮೇಲುನೋಟಕ್ಕೆ ಇದು ಹಿನ್ನಡೆ. ಆದರೆ ಡೇಟಾಬೇಸುಗಳ ವೇಗವನ್ನು ಅಳೆಯುವ ಟಿಪಿಸಿ-ಇ ಎಂಬ ಪರೀಕ್ಷೆಯೊಂದುಂಟು. ಷೇರು ದಳ್ಳಾಳಿಯ ಕಚೇರಿಯ ವ್ಯವಹಾರವನ್ನು ಅದು ಅನುಕರಿಸುತ್ತದೆ. 2009ರಲ್ಲಿ ಪ್ರಕಟವಾದ ಅದರ ಫಲಿತಾಂಶಗಳಲ್ಲಿ, ಎರಡು ಪ್ರೊಸೆಸರುಗಳ, ಅಂದರೆ ಒಟ್ಟು 8 ಕೋರುಗಳ ಹೊಸ ಯಂತ್ರವು, ನಾಲ್ಕು ಪ್ರೊಸೆಸರುಗಳ 24 ಕೋರುಗಳ ಹಳೆಯ ಯಂತ್ರವನ್ನು ಸರಿಗಟ್ಟಿ ತುಸು ಮುಂದೆಯೇ ಸಾಗಿತು!

ಕಾರಣವೇನು? ಮದುವೆಮನೆಯ ಪಾಕಶಾಲೆಯನ್ನು ನೆನೆದರೆ ಸಾಕು. ಬಾಣಸಿಗರು ಇಪ್ಪತ್ತನಾಲ್ವರಿದ್ದರೂ ಅಕ್ಕಿ ಬೇಳೆಗಳನ್ನು ಅಳೆದುಕೊಡುವ ಉಗ್ರಾಣದವನು ಒಬ್ಬನೇ ಆದರೆ, ಸೌಟು ಹಿಡಿದು ಕಾಯುವವರೇ ಹೆಚ್ಚು. ಹಳೆಯ ಯಂತ್ರದಲ್ಲಿ ಎಲ್ಲ ಪ್ರೊಸೆಸರುಗಳೂ ಮೆಮೊರಿಯನ್ನು ತಲಪಲು ಹೊರಗಿನ ಒಂದೇ ನಿಯಂತ್ರಕವನ್ನು ಆಶ್ರಯಿಸಬೇಕಾಗಿತ್ತು. ಹೊಸ ಪೀಳಿಗೆಯಲ್ಲಿ ಈ ನಿಯಂತ್ರಕವು ಪ್ರೊಸೆಸರಿನ ಒಳಗೇ ನೆಲೆಸಿತು. ಪ್ರತಿಯೊಂದು ಅಡಿಗೆಮನೆಗೂ ಪಕ್ಕದಲ್ಲಿಯೇ ಸ್ವಂತ ಉಗ್ರಾಣ ದೊರೆತಂತಾಯಿತು. ಡೇಟಾಬೇಸಿನ ಕೆಲಸವೆಂದರೆ ಬಹುಪಾಲು ಹುಡುಕಾಟ, ತರುವಿಕೆ, ಕಾಯುವಿಕೆ. ಕಾಯುವ ಹೊತ್ತು ಕಡಿಮೆಯಾದುದೇ ಗೆಲುವಿನ ಗುಟ್ಟು. ಇದಲ್ಲದೆ ಹೊಸ ಕೋರು ಒಂದೇ ವೇಳೆಗೆ ಎರಡು ಕೆಲಸಗಳನ್ನು ಕೈಗೆತ್ತಿಕೊಳ್ಳಬಲ್ಲದಾಗಿತ್ತು.

ಇನ್ನು ಹಣದ ಮಾತು. ಯಂತ್ರದ ಬೆಲೆಗಿಂತ ಅದರೊಳಗೆ ನಡೆಯುವ ತಂತ್ರಾಂಶದ ಪರವಾನಗಿಯೇ ದುಬಾರಿಯಾಗುವುದು ವಿರಳವಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಎಸ್‌ಕ್ಯೂಎಲ್ ಸರ್ವರಿಗೆ ಮೊದಲು ಪ್ರೊಸೆಸರಿಗೆ ಇಷ್ಟೆಂದು ಶುಲ್ಕ ಪಡೆಯುತ್ತಿದ್ದಿತು. 2012ರ ಆವೃತ್ತಿಯಿಂದ ಕೋರಿಗೆ ಇಷ್ಟೆಂದು ನಿಗದಿ ಮಾಡಿತು. ಆಗಿನ ಎಂಟರ್‌ಪ್ರೈಸ್ ದರ ಕೋರೊಂದಕ್ಕೆ 6,874 ಡಾಲರು. ಆ ದರದಲ್ಲಿ 24 ಕೋರುಗಳಿಗೆ ತೆರಬೇಕಾದುದು 1,64,976 ಡಾಲರು. 8 ಕೋರುಗಳಿಗೆ 54,992. ಕಾದು ನಿಂತ ಬಾಣಸಿಗನಿಗೂ ಪೂರ್ತಿ ಕೂಲಿ!

ತಯಾರಕರೂ ಇದನ್ನು ಅರಿತಿದ್ದಾರೆ. 2024ರ ಅಕ್ಟೋಬರಿನಲ್ಲಿ ಎಎಂಡಿ ಸಂಸ್ಥೆ ಹೊರತಂದ ಎಪಿಕ್ 9005 ಮಾಲೆಯಲ್ಲಿ 192 ಕೋರುಗಳ ಪ್ರೊಸೆಸರೂ ಉಂಟು, ಹದಿನಾರೇ ಕೋರುಗಳದೂ ಉಂಟು. ವಿನೋದವೆಂದರೆ, ಕೈಗೆಟಕುವಂತೆ ಸಾಮಾನಿಟ್ಟುಕೊಳ್ಳುವ ಗೂಡಿನಂತಿರುವ ಎಲ್3 ಕ್ಯಾಶ್ ದೊಡ್ಡದರಲ್ಲಿ 384 ಮೆಗಾಬೈಟು, ಚಿಕ್ಕದರಲ್ಲಿ 512! ಸಾವಿರಾರು ಜನರ ಚಿಕ್ಕ ಚಿಕ್ಕ ಬೇಡಿಕೆಗಳು ಒಟ್ಟಿಗೆ ಬರುವೆಡೆ, ಅದರಲ್ಲಿಯೂ ಪೋಸ್ಟ್‌ಗ್ರೆಸ್‌ನಂತಹ ಶುಲ್ಕವಿಲ್ಲದ ಡೇಟಾಬೇಸ್ ಇರುವೆಡೆ, ಮೊದಲನೆಯದು ಒಪ್ಪೀತು. ಒಂದು ಹೆಜ್ಜೆ ಮುಗಿಯದೆ ಇನ್ನೊಂದು ತೊಡಗಲಾರದ ಲೆಕ್ಕಗಳಿಗೆ, ಕೋರಿನ ಲೆಕ್ಕದಲ್ಲಿ ಶುಲ್ಕ ತೆರುವವರಿಗೆ, ಎರಡನೆಯದೇ ಲೇಸು.

ಆದುದರಿಂದ ಅಂಗಡಿಗೆ ಹೋಗುವ ಮುನ್ನ ಹಳೆಯ ಯಂತ್ರವನ್ನೇ ವಿಚಾರಿಸುವುದು ಜಾಣತನ. ಜನಸಂದಣಿಯ ವೇಳೆಯಲ್ಲಿ ಅದರ ಕೋರುಗಳು ನಿಜವಾಗಿ ದುಡಿಯುತ್ತಿವೆಯೆ, ಅಥವಾ ಡಿಸ್ಕಿನಿಂದ ಬರಬೇಕಾದುದಕ್ಕಾಗಿ ಕಾಯುತ್ತಿವೆಯೆ ಎಂಬುದನ್ನು ಅಳೆದು ನೋಡಬೇಕು. ಕಾಯುತ್ತಿದ್ದರೆ ಮೆಮೊರಿಯನ್ನು ಹೆಚ್ಚಿಸುವುದರಿಂದಲೇ ಕಾರ್ಯಸಿದ್ಧಿಯಾದೀತು. ದುಡಿದು ಬಸವಳಿದಿದ್ದರೆ ಮಾತ್ರ ಹೊಸ ಪೀಳಿಗೆಯ ವಿಚಾರ. ಆಗಲೂ ಕೋರುಗಳ ಸಂಖ್ಯೆಗಿಂತ ಮೊದಲು ಒಂದೊಂದು ಕೋರಿನ ಶಕ್ತಿಯನ್ನೂ ಮೆಮೊರಿಯ ದಾರಿಯನ್ನೂ ಕೇಳಿ ತಿಳಿಯುವುದು ಉಚಿತ.