ಸುಟ್ಟ ತರಕಾರಿ ಊಟವಲ್ಲವೇ?

ಕಳೆದ ತಿಂಗಳು ಬೆಂಗಳೂರಿನಲ್ಲಿ ನನ್ನ ಅಣ್ಣನ ಮಗನ ಮನೆಯಲ್ಲಿ ನಾಲ್ಕು ದಿನ ಇದ್ದೆ. ಒಂದು ಸಂಜೆ ಅವನ ಹೆಂಡತಿ ಕಚೇರಿಯಿಂದ ಬಳಲಿ ಬಂದುದನ್ನು ಕಂಡು, "ಈ ರಾತ್ರಿಯ ಅಡುಗೆ ನನಗೆ ಬಿಡಮ್ಮ" ಎಂದೆ. ಬದನೆಕಾಯಿ, ದಪ್ಪ ಮೆಣಸಿನಕಾಯಿ, ಸಿಹಿಗುಂಬಳದ ಹೋಳುಗಳನ್ನು ಕಾವಲಿಯ ಮೇಲೆ ಸುಟ್ಟು, ಅದರ ಮೇಲೆ ಗಟ್ಟಿ ಮೊಸರು, ಸಣ್ಣಗೆ ಹೆಚ್ಚಿದ ಸೌತೆಕಾಯಿ, ಕೊತ್ತಂಬರಿ ಸೊಪ್ಪು, ಹುರಿದ ಶೇಂಗಾ ಹರಡಿ, ನಿಂಬೆಹಣ್ಣು ಹಿಂಡಿ ಮೇಜಿನ ಮೇಲಿಟ್ಟೆ. ಎಂಟೂವರೆಗೆ ಬಂದ ಮಹಾಶಯ ತಟ್ಟೆಯನ್ನು ನೋಡಿ ಕೇಳಿದ: "ಚೆನ್ನಾಗಿದೆ ಅತ್ತೆ. ಊಟ ಎಲ್ಲಿ?"

ಆ ಹುಡುಗಿ ಮರುಮಾತಿಲ್ಲದೆ ಎದ್ದು ಅಕ್ಕಿ ತೊಳೆಯಲು ಹೋದಳು.

ಎರಡು ದಿನಗಳ ಹಿಂದೆ ಇದೇ ಮಹಾಶಯ ನಮ್ಮನ್ನು ಒಂದು ಹೋಟೆಲಿಗೆ ಕರೆದೊಯ್ದು, ಇವೇ ಸುಟ್ಟ ತರಕಾರಿಯ ಆರು ತುಂಡುಗಳಿಗೆ ಮುನ್ನೂರೈವತ್ತು ರೂಪಾಯಿ ತೆತ್ತಿದ್ದ! ಅದನ್ನು ನೆನಪಿಸಿದಾಗ, "ಅದು ಹೋಟೆಲು ಅತ್ತೆ, ಇದು ಮನೆ" ಎಂದು ನಕ್ಕ. ನಾನು ನಗಲಿಲ್ಲ. ಆ ಮಾತಿಗೆ ಅಂದು ಕೊಡದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ. ಅವನೂ ಓದುತ್ತಾನೆಂದು ಬಲ್ಲೆ.

ನನ್ನ ವಾದ ಇಷ್ಟೇ: ರಾತ್ರಿಯ ಹೊತ್ತು ಅನ್ನ, ಸಾರು, ಪಲ್ಯ, ಹಪ್ಪಳಗಳ ಪೂರ್ಣ ಪಂಕ್ತಿ ಇದ್ದರೆ ಮಾತ್ರ ಊಟವೆಂಬ ಹಟ ನಮ್ಮ ದೇಹಕ್ಕೆ ಹಿತವಲ್ಲ, ಮನೆಯ ಹೆಣ್ಣುಮಕ್ಕಳಿಗೆ ನ್ಯಾಯವೂ ಅಲ್ಲ. ಸುಟ್ಟ ತರಕಾರಿಯೂ ಅದರ ಮೇಲೊಂದಿಷ್ಟು ಹಸಿ ಪದಾರ್ಥವೂ ಸೇರಿದರೆ ಅದು ಮರ್ಯಾದೆಯುಳ್ಳ ಲಘು ಊಟ. ರೋಗಿಯ ಪಥ್ಯವೂ ಅಲ್ಲ, ಹೋಟೆಲಿನ ಶೋಕಿಯೂ ಅಲ್ಲ.

ಮೊದಲನೆಯ ಆಕ್ಷೇಪ: "ಇದು ನಮ್ಮದಲ್ಲ, ಪರದೇಶದ್ದು." ಹೌದೇ? ತೀರ್ಥಹಳ್ಳಿ ಸೀಮೆಯ ನಮ್ಮ ಹಳೆಯ ಮನೆಯಲ್ಲಿ ಸಂಜೆ ಬಚ್ಚಲ ಒಲೆಯ ಕೆಂಡದಲ್ಲಿ ಅಜ್ಜಿ ಬದನೆಕಾಯಿ ಹುಗಿಯುತ್ತಿದ್ದುದನ್ನು ನೀವು ಮರೆತಿರಬಹುದು, ನಾನು ಮರೆತಿಲ್ಲ. ಕಪ್ಪಾದ ಸಿಪ್ಪೆ ಸುಲಿದು, ತಿರುಳು ಹಿಸುಕಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು, ಮೇಲೊಂದು ಚಮಚ ತೆಂಗಿನೆಣ್ಣೆ. ಸುಟ್ಟದ್ದರ ಮೇಲೆ ಹಸಿಯದ್ದು! ಇದಕ್ಕಿಂತ ಬೇರೇನು ಮಾಡಿದೆ ನಾನು? ಉಡುಪಿ ಬಳಿಯ ಮಟ್ಟು ಗ್ರಾಮದ ಗುಳ್ಳಬದನೆಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಅಂಥ ಬದನೆ ಬೆಳೆಯುವ ನಾಡಿನಲ್ಲಿ ಬದನೆ ಸುಡುವುದು ಪರದೇಶದ್ದಾಗುವುದು ಹೇಗೆ? ಇನ್ನು ದಪ್ಪ ಮೆಣಸಿನಕಾಯಿ ಹೊರಗಿನದೆನ್ನುವಿರಾದರೆ, ನಿಮ್ಮ ಸಾರಿನ ಮೆಣಸಿನಕಾಯಿಯೂ ಟೊಮೆಟೊವೂ ಅಮೆರಿಕ ಖಂಡದಿಂದ ಬಂದವುಗಳೇ. ಅವುಗಳನ್ನು ಒಳಗೆ ಬಿಟ್ಟುಕೊಂಡವರು ಈಗ ಬಾಗಿಲು ಹಾಕುವುದರಲ್ಲಿ ಅರ್ಥವಿಲ್ಲ. ಹಾಗೆಂದು ಹಳೆಯ ಕಾಲವನ್ನು ನಾನು ಹಾಡಿ ಹೊಗಳುವುದಿಲ್ಲ. ಆ ಹೊಗೆಯಲ್ಲಿ ಕೆಮ್ಮಿದವಳೂ ಅಜ್ಜಿಯೇ. ಇಂದು ಗ್ಯಾಸ್ ಒಲೆಯಿದೆ, ಕಬ್ಬಿಣದ ಕಾವಲಿಯಿದೆ. ಸಾಲದೆ?

ಎರಡನೆಯ ಆಕ್ಷೇಪ: "ಇದರಲ್ಲಿ ಸತ್ವವೇನಿದೆ?" ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ ದಿನಕ್ಕೆ ಸೊಪ್ಪೂ ಸೇರಿ 400 ಗ್ರಾಂ ತರಕಾರಿ ಇದೆ. ಸಾರಿನಲ್ಲಿ ತೇಲುವ ನಾಲ್ಕು ಹುರುಳಿಕಾಯಿ ಚೂರುಗಳಿಂದ ಆ ಲೆಕ್ಕ ತುಂಬುವುದೆ? ನಾವು ತುಂಬುವುದು ಅನ್ನದ ಲೆಕ್ಕವನ್ನು ಮಾತ್ರ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ ಹತ್ತು ಕೋಟಿಗೂ ಮೀರಿ ಮಧುಮೇಹಿಗಳಿದ್ದಾರೆ. ನಮ್ಮ ಬಂಧುಗಳ ಮದುವೆ ಮನೆಯಲ್ಲಿ ಊಟಕ್ಕೆ ಮುಂಚೆ ಎಷ್ಟು ಜನ ಮಾತ್ರೆ ನುಂಗುತ್ತಾರೆಂದು ಎಣಿಸಿದರೆ ಅಧ್ಯಯನವೂ ಬೇಡ.

ಆದರೆ ಒಂದು ಎಚ್ಚರಿಕೆ. ಮಧುಮೇಹಕ್ಕೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಒಮ್ಮೆಲೇ ಅನ್ನ ಬಿಡಬಾರದು. ಬೆಳೆಯುವ ಮಕ್ಕಳಿಗೆ, ಮೈಮುರಿದು ದುಡಿಯುವವರಿಗೆ ಇದಿಷ್ಟೇ ಸಾಲದು. ಒಂದು ಜೋಳದ ರೊಟ್ಟಿ, ಒಂದು ಹಿಡಿ ಮೊಳಕೆ ಹೆಸರುಕಾಳು ಜೊತೆಗಿರಲಿ. ನಾನು ಮಾತನಾಡುತ್ತಿರುವುದು ಇಡೀ ದಿನ ಕುರ್ಚಿಯಲ್ಲಿ ಕುಳಿತು, ರಾತ್ರಿ ಒಂಬತ್ತಕ್ಕೆ ಮೂರು ಸಲ ಅನ್ನ ಬಡಿಸಿಕೊಳ್ಳುವವರ ಕುರಿತು.

ಮೂರನೆಯ ಆಕ್ಷೇಪ: "ರುಚಿಯಿಲ್ಲ." ಇದು ತರಕಾರಿಯ ತಪ್ಪಲ್ಲ, ಸುಡುವವರ ತಪ್ಪು. ವಿಜ್ಞಾನದ ಶಿಕ್ಷಕಿಯಾಗಿದ್ದವಳು ನಾನು, ಕಾರಣ ಹೇಳದೆ ಬಿಡಲಾರೆ. ಕಾವು ಏರಿದಾಗ ತರಕಾರಿಯ ಮೇಲ್ಮೈಯ ನೀರು ಆರಿ, ಅದರಲ್ಲಿನ ಸಕ್ಕರೆಯೂ ಅಮೈನೋ ಆಮ್ಲಗಳೂ ಸೇರಿ ಕಂದುಬಣ್ಣವನ್ನೂ ಪರಿಮಳವನ್ನೂ ಕೊಡುತ್ತವೆ. ಫ್ರಾನ್ಸಿನ ಮೈಯಾರ್ ಎಂಬ ವಿಜ್ಞಾನಿ 1912ರಲ್ಲಿ ವಿವರಿಸಿದ ಕ್ರಿಯೆ ಇದು. ನೀರಿರುವ ತನಕ ಇದು ನಡೆಯದು. ಆದ್ದರಿಂದ ಕಾವಲಿ ಚೆನ್ನಾಗಿ ಕಾದಿರಬೇಕು, ಹೋಳುಗಳನ್ನು ಒತ್ತೊತ್ತಾಗಿ ತುಂಬಬಾರದು. ತುಂಬಿದರೆ ಅವು ತಮ್ಮ ಹಬೆಯಲ್ಲೇ ಬೆಂದು ಮೆತ್ತಗಾಗುತ್ತವೆ. ಬದನೆಯನ್ನು ಅರ್ಧ ಅಂಗುಲ, ಗಟ್ಟಿಯಾದ ಕುಂಬಳವನ್ನು ಕಾಲು ಅಂಗುಲ ದಪ್ಪಕ್ಕೆ ಹೆಚ್ಚಿ. ಬದನೆ ಎಣ್ಣೆ ಕುಡಿಯುವ ಜಾತಿ. ಕಾವಲಿಗೆ ಸುರಿಯದೆ ಹೋಳಿಗೇ ತೆಳುವಾಗಿ ಸವರಿ. ಇಟ್ಟ ಮೇಲೆ ಪದೇ ಪದೇ ಮಗುಚಬೇಡಿ. ಹೊಂಬಣ್ಣದಿಂದ ಕಂದಿಗೆ ತಿರುಗಿದರೆ ಸಾಕು, ಇದ್ದಿಲಾಗುವುದು ಬೇಡ. ಹಸಿಯ ಪದಾರ್ಥಗಳು ಒಲೆಯಿಂದ ಇಳಿಸಿದ ಮೇಲೆಯೇ, ತಿನ್ನುವ ಮುನ್ನವಷ್ಟೇ ಬೀಳಬೇಕು. ನಿಂಬೆಯ ಸಿ ಜೀವಸತ್ವ ಕಾವಿಗೆ ನಾಶವಾಗುತ್ತದೆ, ಸೊಪ್ಪು ಬಾಡುತ್ತದೆ, ಉಪ್ಪು ತಗುಲಿದ ಸೌತೆ ನೀರು ಬಿಡುತ್ತದೆ. ಬಿಸಿಯ ಮೇಲೆ ತಂಪು, ಮೆತ್ತನೆಯದರ ಮೇಲೆ ಗರಿಗರಿ, ಸಿಹಿಯ ಮೇಲೆ ಹುಳಿ. ಇಷ್ಟಾದ ಮೇಲೂ ರುಚಿಯಿಲ್ಲವೆಂದರೆ ದೋಷ ನಾಲಿಗೆಯದು.

ಹೋಟೆಲಿನವರ ಮೇಲೂ ನನಗೆ ಸಿಟ್ಟಿದೆ. ಅವರು ಇದರ ಮೇಲೆ ಚೀಸು, ಮೇಯನೇಸು ಸುರಿದು 'ಲಘು' ಎಂಬ ಪದವನ್ನೇ ಅವಮಾನಿಸುತ್ತಾರೆ. ಅದನ್ನು ಮುನ್ನೂರೈವತ್ತಕ್ಕೆ ಕೊಂಡು ತಿಂದವರು, ಮನೆಯಲ್ಲಿ ಮೊಸರು ಹಾಕಿ ಕೊಟ್ಟರೆ "ಊಟ ಎಲ್ಲಿ?" ಎನ್ನುತ್ತಾರೆ.

ಈಗ ಕೊನೆಯ ಲೆಕ್ಕ. ಮೂವತ್ತನಾಲ್ಕು ವರ್ಷ ನಾನು ಪ್ರೌಢಶಾಲೆಯಲ್ಲಿ ಪಾಠ ಮಾಡಿದೆ. ದಿನವಿಡೀ ಕಪ್ಪು ಹಲಗೆಯ ಮುಂದೆ ನಿಂತ ಕಾಲುಗಳು ಸಂಜೆ ಮತ್ತೆ ಒಲೆಯ ಮುಂದೆ ನಿಲ್ಲುತ್ತಿದ್ದವು. ನಿಮ್ಮ ಉತ್ತರಪತ್ರಿಕೆಗಳನ್ನು ನಾನು ತಿದ್ದಿದ್ದು ರಾತ್ರಿ ಹತ್ತರ ಮೇಲೆ, ತೂಕಡಿಸುತ್ತ. ಕೆಲವರಿಗೆ ಒಂದೆರಡು ಅಂಕ ತಪ್ಪಿಹೋಗಿರಲೂಬಹುದು, ಕ್ಷಮಿಸಿ! ವರ್ಷದಲ್ಲಿ ಮುನ್ನೂರು ರಾತ್ರಿ, ದಿನಕ್ಕೊಂದೇ ಗಂಟೆ ಉಳಿಸಿಕೊಂಡಿದ್ದರೂ 10,200 ಗಂಟೆ. ಎಂದರೆ 425 ಹಗಲು-ರಾತ್ರಿಗಳು. ಓದಬೇಕೆಂದು ಕೊಂಡಿಟ್ಟ ಪುಸ್ತಕಗಳು ಆ ದಿನಗಳಲ್ಲಿ ಮುಗಿಯುತ್ತಿದ್ದವು. ಯಾರೂ ನನ್ನನ್ನು ಗದರಿಸಿ ಅಡುಗೆ ಮಾಡಿಸಲಿಲ್ಲ. "ಊಟ ಎಲ್ಲಿ?" ಎಂಬ ಮೃದುವಾದ ಆ ಒಂದು ಪ್ರಶ್ನೆಯೇ ಸಾಕಾಗಿತ್ತು. ನಾನು ಎದ್ದು ಅಕ್ಕಿ ತೊಳೆಯುತ್ತಿದ್ದೆ.

ಆದ್ದರಿಂದ, ಮಗೂ, ಆ ರಾತ್ರಿ ನೀನು ಕೇಳಿದ ಪ್ರಶ್ನೆಗೆ ನನ್ನ ಉತ್ತರ: ಊಟ ನಿನ್ನ ಮುಂದೆಯೇ ಇತ್ತು. ಅನ್ನ ಬೇಕೇ ಬೇಕೆನಿಸಿದರೆ ಅಕ್ಕಿಯ ಡಬ್ಬ ಒಲೆಯ ಬಲಗಡೆಯ ಕಪಾಟಿನಲ್ಲಿದೆ. ನಾಲ್ಕು ದಿನ ಇದ್ದವಳಿಗೇ ಗೊತ್ತಾದ ಜಾಗ, ಮನೆಯವನಾದ ನಿನಗೂ ಗೊತ್ತಾಗಲಿ.