ಪುಸ್ತಕದಲ್ಲಿಲ್ಲದ ನರವನ್ನೂ ಬರೆದಿಡೋಣ

ಥೈರಾಯ್ಡ್ ಆಪರೇಷನ್ ಎಂದೊಡನೆ ಮನೆಯವರು ಕೇಳುವುದು ಒಂದೇ ಮಾತು: "ದನಿ ಹೋಗಲ್ಲ ತಾನೇ?" ಅವರ ಅಂಜಿಕೆಗೆ ಕಾರಣವಿದೆ. ಧ್ವನಿತಂತುಗಳನ್ನು ಆಡಿಸುವ ರಿಕರೆಂಟ್ ಲ್ಯಾರಿಂಜಿಯಲ್ ನರ ಥೈರಾಯ್ಡ್ ಗ್ರಂಥಿಯ ಬೆನ್ನಿಗೇ ಹಾದುಹೋಗುತ್ತದೆ. ಒಂದು ಕಡೆಯದಕ್ಕೆ ಪೆಟ್ಟಾದರೆ ದನಿ ಒಡೆಯುತ್ತದೆ. ಎರಡೂ ಕಡೆ ಕೈಕೊಟ್ಟರೆ ಉಸಿರಿಗೇ ಸಂಚಕಾರ.

ಬಲಗಡೆಯ ನರ ವೇಗಸ್ ನರದಿಂದ ಕವಲೊಡೆದು, ಕೊರಳ ಬುಡದಲ್ಲಿ ಸಬ್‌ಕ್ಲೇವಿಯನ್ ಅಪಧಮನಿಯನ್ನು ಬಳಸಿಕೊಂಡು ಮೇಲೆ ಬರುತ್ತದೆ ಎಂದು ನಾನು ಪ್ರತಿವರ್ಷ ಪಾಠ ಮಾಡುತ್ತೇನೆ. ದಾನವಾಗಿ ಬಂದ ದೇಹವೊಂದರಲ್ಲಿ ಅದು ಅಲ್ಲಿರಲಿಲ್ಲ. ಹೊಲಿಗೆ ದಾರದಂಥ ಬಿಳಿ ಎಳೆಯೊಂದು ಥೈರಾಯ್ಡಿನ ಮಟ್ಟದಲ್ಲೇ ವೇಗಸ್‌ನಿಂದ ಹೊರಟು, ಅಡ್ಡಲಾಗಿ ನೇರ ಧ್ವನಿಪೆಟ್ಟಿಗೆ ಸೇರಿತ್ತು. ಎದೆಗೂಡು ಬಿಡಿಸಿದಾಗ ಕಾರಣ ತಿಳಿಯಿತು. ಬಲತೋಳಿಗೆ ಹೋಗುವ ಆ ಅಪಧಮನಿ ಮಹಾಪಧಮನಿಯ ಕಮಾನಿನ ಕೊನೆಯಲ್ಲಿ ಹುಟ್ಟಿ, ಅನ್ನನಾಳದ ಹಿಂದಿನಿಂದ ತೂರಿ ಬಲಕ್ಕೆ ಹೋಗಿತ್ತು. ಭ್ರೂಣದಲ್ಲಿ ಹೃದಯ ಎದೆಗಿಳಿಯುವಾಗ ನರವನ್ನು ಜೊತೆಗೆ ಕೆಳಗೆಳೆಯುವ ರಕ್ತನಾಳವೇ ಅಲ್ಲಿ ಉಳಿದಿರುವುದಿಲ್ಲ.

ಇದು ರೋಗವಲ್ಲ. ನೂರಕ್ಕೆ ಒಬ್ಬರಿಗೋ ಅದಕ್ಕೂ ಕಡಿಮೆ ಮಂದಿಗೋ ಹೀಗಿರುತ್ತದೆ. ಸ್ಟೆಡ್‌ಮನ್ ಎಂಬ ವೈದ್ಯ 1823ರಲ್ಲೇ ಇದನ್ನು ದಾಖಲಿಸಿದ್ದ. ಆದರೆ ಈ ಸಂಗತಿ ಗೊತ್ತಿಲ್ಲದ ಕೈಗೆ ಆ ಅಡ್ಡ ಎಳೆ ಕತ್ತರಿಸಬಹುದಾದ ಸಣ್ಣ ರಕ್ತನಾಳದಂತೆ ಕಂಡೀತು.

ನಮ್ಮ ಡಿಸೆಕ್ಷನ್ ಹಾಲ್‌ಗಳಲ್ಲಿ ಇಂಥದ್ದು ಕಂಡಾಗ ಎಲ್ಲರೂ ಸುತ್ತ ನೆರೆದು ನೋಡುತ್ತೇವೆ. ಪರೀಕ್ಷೆಗೆ ಬರುವುದಿಲ್ಲವೆಂದು ಅಲ್ಲಿಗೇ ಬಿಡುವುದೂ ಉಂಟು. ಅದು ನಿಲ್ಲಬೇಕು. ಪ್ರತಿ ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗದಲ್ಲೂ ಇದಕ್ಕೊಂದು ರಿಜಿಸ್ಟರ್ ಇರಲಿ: ಯಾವ ನರ, ಯಾವ ಕಡೆ, ಎಲ್ಲಿಂದ ಎಲ್ಲಿಗೆ, ಜೊತೆಗೊಂದು ಫೋಟೋ. ದಾನಿಯ ಹೆಸರು ಬೇಡ. ಆ ರಿಜಿಸ್ಟರ್ ಶಸ್ತ್ರಚಿಕಿತ್ಸಾ ವಿಭಾಗದ ಕೈಗೂ ಸಿಗಲಿ. ಬೇರೆ ಕಾರಣಕ್ಕೆ ಎದೆಯ ಸಿ.ಟಿ. ಸ್ಕ್ಯಾನ್ ಆದವರಲ್ಲಿ ಅನ್ನನಾಳದ ಹಿಂದೆ ಆ ರಕ್ತನಾಳ ಕಂಡರೆ, ರೇಡಿಯಾಲಜಿಸ್ಟ್ ವರದಿಯಲ್ಲಿ ಅದನ್ನು ತಪ್ಪದೆ ಬರೆಯಲಿ; ಸರ್ಜನ್‌ಗೆ ಅದೇ ಮುನ್ಸೂಚನೆ.

ಇದಕ್ಕೆ ದೊಡ್ಡ ಹಣವೇನೂ ಬೇಡ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮೊದಲ ವರ್ಷದ ರೆಕಾರ್ಡ್ ಪುಸ್ತಕದಲ್ಲಿ ಇದಕ್ಕೆ ಒಂದು ಪುಟ ಕಡ್ಡಾಯ ಮಾಡಿದರೂ ಸಾಕು. ದೇಹ ದಾನ ಮಾಡಿದವರು ಅದನ್ನು ಪೂರ್ತಿಯಾಗಿ ಕೊಟ್ಟಿದ್ದಾರೆ. ನಾವು ಪೂರ್ತಿಯಾಗಿ ಓದಬೇಕು.